ಒಂದೇ ಫಂಕ್ಷನ್‌ಗೆ ಎರಡು ವಿವರಣೆ: ಡಾಕ್ಸಿಜನ್ ಯಾಕೆ ಹೀಗೆ ಮಾಡುತ್ತದೆ?

[ಸ್ಕ್ರೀನ್ ಮೇಲೆ: ಡಾಕ್ಸಿಜನ್ ಪುಟ. 'ಪ್ಯಾರಾಮೀಟರ್ಸ್' ಎಂಬ ತಲೆಬರಹ ಎರಡು ಸಲ]

ನಮಸ್ಕಾರ. ದಾವಣಗೆರೆಯ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿನಿ ಕಳಿಸಿದ ಪುಟ ಇದು. ಫೈನಲ್ ಇಯರ್ ಪ್ರಾಜೆಕ್ಟ್, ಸಿ ಪ್ಲಸ್ ಪ್ಲಸ್ ಕೋಡ್. "ಸರ್, ಪಿ.ಬಿ. ರಸ್ತೆಯಲ್ಲಿ ಪ್ರಿಂಟ್ ಹಾಕಿಸಿ ಬೈಂಡಿಂಗ್‌ಗೆ ಕೊಡಬೇಕು. ನೋಡಿದ್ರೆ ಪ್ರತಿ ಫಂಕ್ಷನ್ ಕೆಳಗೂ ಅದೇ ವಿವರಣೆ ಎರಡೆರಡು ಸಲ ಬಂದಿದೆ. ಯಾಕೆ?" ಪುಟಕ್ಕೆ ಇಷ್ಟು ಅಂತ ದುಡ್ಡು ಕೊಡೋರಿಗೆ ಇದು ಸಣ್ಣ ತಲೆನೋವಲ್ಲ.

ಗೊತ್ತಿಲ್ಲದವರಿಗೆ ಒಂದೇ ಉಸಿರಿನಲ್ಲಿ: ಕೋಡ್ ಒಳಗೆ ನೀವು ಬರೆದ ಕಾಮೆಂಟ್‌ಗಳನ್ನು, ಅಂದರೆ ಓದುವವರಿಗಾಗಿ ಹಾಕಿದ ಟಿಪ್ಪಣಿಗಳನ್ನು ಓದಿ ವೆಬ್ ಪುಟ, ಪಿಡಿಎಫ್ ಮಾಡಿಕೊಡುವ ಟೂಲ್ ಡಾಕ್ಸಿಜನ್. 1997ರಿಂದ ಇದೆ. ಮುಂದೆ ಹೋಗೋಣ.

[ಸ್ಕ್ರೀನ್ ಮೇಲೆ: ಎಡಕ್ಕೆ ಹೆಡರ್ ಫೈಲ್, ಬಲಕ್ಕೆ ಸಿಪಿಪಿ ಫೈಲ್]

ಫಂಕ್ಷನ್ ಅಂದರೆ ಒಂದು ಕೆಲಸ ಮಾಡಿಕೊಡುವ ಕೋಡ್ ತುಣುಕು. ಇದರ ಹೆಸರು 'ಬ್ಯಾಟರಿ ರೀಡ್'. ಹೆಡರ್ ಫೈಲ್‌ನಲ್ಲಿ ಅದರ ಘೋಷಣೆ, ಅಂದರೆ ಹೀಗೊಂದು ಫಂಕ್ಷನ್ ಇದೆ ಅನ್ನೋ ಸಾಲು. ಸಿಪಿಪಿ ಫೈಲ್‌ನಲ್ಲಿ ಅದರ ಒಡಲು, ಅಂದರೆ ಕೆಲಸ ಮಾಡುವ ಕೋಡ್. ಹುಡುಗಿ ಪಾಪ ಶಿಸ್ತಿನವಳು. ಎರಡೂ ಕಡೆ ಕಾಮೆಂಟ್ ಬರೆದಿದ್ದಾಳೆ. ಡಾಕ್ಸಿಜನ್ ಎರಡನ್ನೂ ಎತ್ತಿಕೊಂಡು ಒಂದರ ಕೆಳಗೊಂದು ಅಂಟಿಸಿದೆ. ಇದು ಬಗ್ ಅಲ್ಲ. ಒಂದೇ ಫಂಕ್ಷನ್‌ಗೆ ಎರಡು ಕಡೆ ದೊಡ್ಡ ವಿವರಣೆ ಸಿಕ್ಕರೆ ಜೋಡಿಸುತ್ತೇನೆ ಅಂತ ಅದರ ಕೈಪಿಡಿಯಲ್ಲೇ ಇದೆ.

ಲಗ್ನಪತ್ರಿಕೆ ನೆನೆಸಿಕೊಳ್ಳಿ. ಹುಡುಗ ದಾವಣಗೆರೆ, ಹುಡುಗಿ ಚಿತ್ರದುರ್ಗ. ಎರಡೂ ಮನೆಯವರು ಬೇರೆ ಬೇರೆ ಪತ್ರಿಕೆ ಹಾಕಿಸುತ್ತಾರೆ. ಇರೋದು ಒಂದೇ ಮದುವೆ, ಒಂದೇ ಮುಹೂರ್ತ. ಈಗ ಯಾರೋ ಪುಣ್ಯಾತ್ಮ ಎರಡೂ ಪತ್ರಿಕೆಯನ್ನು ಅಂಟಿಸಿ ಊರಿಗೆಲ್ಲ ಹಂಚಿದ ಅನ್ನಿ. ಮುಹೂರ್ತ ಎರಡು ಸಲ ಬಂದರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಆದರೆ ಮಧ್ಯದಲ್ಲಿ ಕಲ್ಯಾಣ ಮಂಟಪ ಬದಲಾಯಿತು, ಹುಡುಗನ ಕಡೆಯವರು ಮಾತ್ರ ಹೊಸ ಪತ್ರಿಕೆ ಹಾಕಿಸಿದರು. ಅಂಟಿಸಿದ ಪತ್ರಿಕೆಯಲ್ಲಿ ಈಗ ಎರಡು ಮಂಟಪ! ಅರ್ಧ ಬೀಗರು ಅಲ್ಲಿ, ಅರ್ಧ ಬೀಗರು ಇಲ್ಲಿ. ಊಟ ಎಲ್ಲಿ ಅನ್ನೋದೇ ಜಗಳ.

[ಸ್ಕ್ರೀನ್ ಮೇಲೆ: ಎರಡು ಸಾಲು ಹಳದಿ ಬಣ್ಣದಲ್ಲಿ]

ಇವಳ ಪುಟದಲ್ಲೂ ಅದೇ ಕಥೆ. ಹೆಡರ್ ಹೇಳುತ್ತದೆ: "ಬ್ಯಾಟರಿಯ ವೋಲ್ಟೇಜನ್ನು ಮಿಲಿವೋಲ್ಟ್‌ನಲ್ಲಿ ಕೊಡುತ್ತದೆ." ಸಿಪಿಪಿ ಹೇಳುತ್ತದೆ: "ವೋಲ್ಟ್‌ನಲ್ಲಿ ಕೊಡುತ್ತದೆ." ಸಾವಿರ ಪಟ್ಟು ವ್ಯತ್ಯಾಸ, ಎರಡೂ ಒಂದೇ ಪುಟದಲ್ಲಿ, ಅಕ್ಕಪಕ್ಕ. ಇನ್ನೂ ಮಜಾ ಕೇಳಿ. ಯಾವುದು ಮೇಲೆ ಬರಬೇಕು ಅನ್ನೋದು ನಿಮ್ಮ ಕೈಯಲ್ಲಿಲ್ಲ. ಟೂಲ್ ಯಾವ ಫೈಲನ್ನು ಮೊದಲು ಓದುತ್ತದೋ ಅದರ ಮೇಲೆ ನಿಂತಿದೆ.

ಹಾಗಾಗಿ ಪುಟ ಉದ್ದವಾಯಿತು ಅನ್ನೋದು ನನಗೆ ಅಷ್ಟು ದೊಡ್ಡ ವಿಷಯ ಅಲ್ಲ. ಒಂದೇ ಮಾತು ಎರಡು ಕಡೆ ಇದ್ದರೆ ತಿದ್ದುವವರು ಒಂದನ್ನು ಮರೆಯುತ್ತಾರೆ, ಬೇಜಾರು ಅದು.

ಪರಿಹಾರ ಸುಲಭ. ಹೆಡರ್‌ನಲ್ಲಿ ಒಂದು ಸಾಲಿನ ಸಾರಾಂಶ, ಅಂದರೆ ಬ್ರೀಫ್, ಅಷ್ಟೇ ಇಡಿ. ಪ್ಯಾರಾಮೀಟರ್ ಅಂದರೆ ಫಂಕ್ಷನ್‌ಗೆ ಕೊಡುವ ಮಾಹಿತಿ, ರಿಟರ್ನ್ ಅಂದರೆ ಅದು ವಾಪಸ್ ಕೊಡುವ ಉತ್ತರ; ಇವು, ಉಳಿದ ಪುರಾಣವೆಲ್ಲ ಸಿಪಿಪಿಯಲ್ಲಿ. ಈ ಹಂಚಿಕೆಯನ್ನು ಡಾಕ್ಸಿಜನ್ ಕೈಪಿಡಿಯೇ ಸೂಚಿಸುತ್ತದೆ. ನೀವು ಲೈಬ್ರರಿ ಬರೆದು ಬೇರೆಯವರಿಗೆ ಹೆಡರ್ ಮಾತ್ರ ಕೊಡ್ತೀರಾ? ಹಾಗಿದ್ದರೆ ಎಲ್ಲವನ್ನೂ ಹೆಡರ್‌ಗೇ ತನ್ನಿ. ಸಿಪಿಪಿಯಲ್ಲಿ ಟಿಪ್ಪಣಿ ಬೇಕೇ ಬೇಕು ಅಂದ್ರೆ ಮಾಮೂಲಿ ಎರಡು ಸ್ಲ್ಯಾಶ್ ಕಾಮೆಂಟ್ ಹಾಕಿ. ಅದನ್ನು ಡಾಕ್ಸಿಜನ್ ಮುಟ್ಟಲ್ಲ.

[ಸ್ಕ್ರೀನ್ ಮೇಲೆ: ಟೈಮರ್]

ಟೈಮ್ ಆಗ್ತಿದೆ, ಉಳಿದದ್ದು ಚಕಚಕ ಅಂತ ಮುಗಿಸ್ತೀನಿ. ಒಂದೇ ಸಲ ಬರೆದಿದ್ದೀರಿ, ಆದ್ರೂ ಬ್ರೀಫ್ ಸಾಲು ಮೇಲಿನ ಪಟ್ಟಿಯಲ್ಲೂ ಕೆಳಗಿನ ವಿವರದಲ್ಲೂ ಬರ್ತಿದೆಯಾ? ಅದು 'ರಿಪೀಟ್ ಬ್ರೀಫ್' ಎಂಬ ಸೆಟ್ಟಿಂಗ್, ಮೊದಲಿನಿಂದಲೇ 'ಯೆಸ್' ಇರುತ್ತದೆ. 'ನೋ' ಮಾಡಿ. ಎರಡು ಫಂಕ್ಷನ್‌ಗೆ ನಿಜವಾಗಿಯೂ ಒಂದೇ ವಿವರಣೆ ಬೇಕಾದರೆ ಕಾಪಿ ಪೇಸ್ಟ್ ಬೇಡ, 'ಕಾಪಿಡಾಕ್' ಕಮಾಂಡ್ ಹಾಕಿ. ಮೂಲ ತಿದ್ದಿ ಮತ್ತೆ ಟೂಲ್ ಓಡಿಸಿದರೆ ಎರಡೂ ಕಡೆ ತಿದ್ದುಪಡಿ ಬರುತ್ತದೆ. ವಾರ್ನಿಂಗ್‌ಗಳನ್ನೂ ಓದಿ ಮಾರಾಯ್ರೆ. ಒಂದೇ ಪ್ಯಾರಾಮೀಟರ್‌ಗೆ ಎರಡು ವಿವರಣೆ ಕಂಡರೆ ಹೊಸ ಆವೃತ್ತಿಗಳು ಬಾಯಿಬಿಟ್ಟು ಹೇಳುತ್ತವೆ.

ಜಾವಾದವರಿಗೆ: ಓವರ್‌ರೈಡ್ ಮಾಡಿದ, ಅಂದರೆ ಮೇಲಿನ ಕ್ಲಾಸಿನದನ್ನು ಬದಲಿಸಿ ಬರೆದ ಮೆಥಡ್‌ಗೆ ಕಾಮೆಂಟ್ ಹಾಕದಿದ್ದರೆ ಜಾವಾದ ಇಂಥದ್ದೇ ಟೂಲ್ ಜಾವಾಡಾಕ್ ತಾನೇ ಮೇಲಿನ ಕ್ಲಾಸಿನ ಕಾಮೆಂಟನ್ನು ಎತ್ತಿಕೊಳ್ಳುತ್ತದೆ. ಸುಮ್ನೆ ಬಿಡಿ. ಪೈಥಾನ್‌ನಲ್ಲಿ ಸ್ಫಿಂಕ್ಸ್ ಅನ್ನೋ ಇಂಥದ್ದೇ ಟೂಲ್ ಬಳಸುವವರಿಗೆ ಒಂದೇ ಫಂಕ್ಷನ್ ಅಥವಾ ಕ್ಲಾಸಿನ ವಿವರಣೆ ಎರಡು ಪುಟದಲ್ಲಿದ್ದರೆ 'ಡೂಪ್ಲಿಕೇಟ್' ಅಂತ ವಾರ್ನಿಂಗ್ ಬರುತ್ತದೆ, ಒಂದು ಕಡೆ 'ನೋ ಇಂಡೆಕ್ಸ್' ಅನ್ನೋ ಆಯ್ಕೆ ಹಾಕಬೇಕು. ಅದರ ಒಳಸುಳಿ ಜಾಸ್ತಿ ಇದೆ, ಬೇಕಂದ್ರೆ ಹೇಳಿ, ಅದಕ್ಕೇ ಒಂದು ವಿಡಿಯೋ ಮಾಡ್ತೀನಿ.