ಹಳೇ ಕಾಸಿಗೆ ಹುಣಸೆಹಣ್ಣು ಬೇಡ

ಕೇಳುಗರೆಲ್ಲರಿಗೂ ನಮಸ್ಕಾರ.

ಹೊಲ ಉಳುವಾಗಲೋ ಪಾಯ ತೋಡುವಾಗಲೋ ಹಳೆಯ ತಾಮ್ರದ ಕಾಸು ಸಿಗುವುದುಂಟು. ಸಿಕ್ಕ ಕೂಡಲೇ ನಾವು ಏನು ಮಾಡುತ್ತೇವೆ? ಹುಣಸೆಹಣ್ಣು ಹಚ್ಚಿ ತಿಕ್ಕುತ್ತೇವೆ. ದಯವಿಟ್ಟು ಬೇಡ. ದೇವರ ಮನೆಯ ಚೆಂಬಿಗೆ ಹುಣಸೆಹಣ್ಣು ಸರಿ, ಮಣ್ಣಲ್ಲಿ ಸಿಕ್ಕ ಕಾಸಿಗೆ ಬೇಡ.

ಒಮ್ಮೆ ಮಂಡ್ಯದ ಕಡೆಯ ರೈತರೊಬ್ಬರು ನನ್ನ ಹತ್ತಿರ ಬಂದರು. ಅಜ್ಜನ ಕಾಲದಲ್ಲಿ ಹೊಲದಲ್ಲಿ ಸಿಕ್ಕಿದ್ದ ಎರಡು ಕಾಸು. ಎಲೆಅಡಿಕೆ ಚೀಲದಿಂದ ಒಂದನ್ನು ತೆಗೆದು, "ನೋಡಿ ಸಾರ್, ಹೆಂಗೆ ಫಳಫಳ ಅಂತೈತೆ" ಅಂದರು. ಹೊಳೆಯುತ್ತಿತ್ತು, ನಿಜ. ಆದರೆ ಆನೆಯ ಬೆನ್ನು, ಸೊಂಡಿಲಿನ ಒಂದು ಬಾಗು, ಅಷ್ಟೇ ಉಳಿದಿತ್ತು. ಟಿಪ್ಪುವಿನ ಪೈಸೆಯಲ್ಲೂ ಆನೆ ಇದೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸಿನಲ್ಲೂ ಆನೆ ಇದೆ. ಅಕ್ಷರವೇ ಹೋದ ಮೇಲೆ ಯಾರದು ಅಂತ ಹೇಗೆ ಹೇಳಲಿ? ನನಗೆ ಬಹಳ ಸಂಕಟವಾಯಿತು.

ತಾಮ್ರ ಮಣ್ಣಿನಲ್ಲಿದ್ದರೆ ಕಂದು, ಹಸಿರು ಪದರ ಕಟ್ಟುತ್ತದೆ. ಎಷ್ಟೋ ಸಲ ಅಕ್ಷರದ ಅಂಚು ಉಳಿದಿರುವುದು ಆ ಪದರದಲ್ಲೇ. ಹುಳಿ ಅದನ್ನೇ ಕರಗಿಸಿಬಿಡುತ್ತದೆ.

ಪುಣ್ಯಕ್ಕೆ ಇನ್ನೊಂದು ಕಾಸಿಗೆ ಹುಣಸೆಹಣ್ಣು ತಾಗಿರಲಿಲ್ಲ. ಬ್ಯಾಟರಿಗೆ ಹಾಕುತ್ತಾರಲ್ಲ, ಆ ಡಿಸ್ಟಿಲ್ಡ್ ವಾಟರಿನಲ್ಲಿ ಅದನ್ನು ನೆನೆಹಾಕಿದೆವು. ಬೋರ್‌ವೆಲ್ ನೀರಿನಲ್ಲಿ ಉಪ್ಪಿನಂಶ ಇರುತ್ತದೆ, ಅದು ಬೇಡ. ದಿನಾ ನೀರು ಬದಲಿಸಿದೆವು. ಸಡಿಲವಾದ ಮಣ್ಣನ್ನು ಬಿದಿರಿನ ಹಲ್ಲುಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿದೆವು. ವಾರ ಕಳೆಯಿತು. ಅವರಿಗೆ ಅವಸರ. "ಒಂದ್ ಚೂರು ಹುಣಸೆಹಣ್ಣು, ಸಾರ್?" ಅಂದರು. ಬೇಡವೇ ಬೇಡ ಅಂದೆ. ಹತ್ತನೇ ದಿನ ಆನೆಯ ಮೇಲ್ಗಡೆ ಸಣ್ಣ ಚಂದ್ರ ಕಾಣಿಸಿದ. ಆಮೇಲೆ ಸೂರ್ಯ. ಇಬ್ಬರ ನಡುವೆ ಕನ್ನಡದ 'ಶ್ರೀ'! ಒಡೆಯರ ಕಾಸು ಅದು. ಆ ರೈತರು ಬೆರಳ ತುದಿಯಿಂದ 'ಶ್ರೀ' ಸವರಿ ಸವರಿ ನೋಡಿದರು.

ಅಯ್ಯೋ, ಸಮಯ ಮುಗಿಯುತ್ತಾ ಬಂತು. ಬೆಳ್ಳಿ ನಾಣ್ಯಕ್ಕೆ ಟೂತ್‌ಪೇಸ್ಟ್ ಹಚ್ಚಬೇಡಿ, ಗೀರು ಬೀಳುತ್ತದೆ. ಚಿನ್ನಕ್ಕೆ ಬರೀ ನೀರು ಸಾಕು. ತಾಮ್ರದ ಮೇಲೆ ತಿಳಿ ಹಸಿರು ಪುಡಿ ಉದುರುತ್ತಿದ್ದರೆ ಆ ಕಾಸನ್ನು ಬೇರೆ ಇಡಿ, ಒಣಗಿದ ಜಾಗದಲ್ಲಿಡಿ, ತಿಳಿದವರಿಗೆ ತೋರಿಸಿ. ಇನ್ನು, ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು, ಅದು ಕಾನೂನು. ಕೊಡುವಾಗ ತೊಳೆದು ಕೊಡಬೇಡಿ, ಮಣ್ಣಿನ ಸಮೇತ ಕೊಡಿ. ನಮಸ್ಕಾರ.