ಕೈಹಿಡಿ ಲಿನಕ್ಸ್ ಸಾಧನಗಳಲ್ಲಿ ಮುಕ್ತ ಚಿತ್ರಾತ್ಮಕ ಪರಿಸರವನ್ನು ಅಳವಡಿಸುವ ಬಗೆ

ಮಾನ್ಯ ಅಧ್ಯಾಪಕರೇ, ಮೈಸೂರಿನ ವಿದ್ಯಾರ್ಥಿ ಮಿತ್ರರೇ,

ಅಂಗೈಯಗಲದ ಕಂಪ್ಯೂಟರಿನಲ್ಲಿ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಓಡಿಸುವುದು ನಮ್ಮ ರಾಜ್ಯಕ್ಕೆ ಹೊಸತಲ್ಲ. ಬೆಂಗಳೂರಿನಲ್ಲಿ ರೂಪುಗೊಂಡ ಸಿಂಪ್ಯೂಟರ್ ಎಂಬ ಕೈಹಿಡಿ ಕಂಪ್ಯೂಟರ್ ಲಿನಕ್ಸಿನ ಮೇಲೆಯೇ ನಡೆಯುತ್ತಿತ್ತು. ಅದರ ಅಮಿದಾ ಎಂಬ ಮಾದರಿ 2004ರಲ್ಲಿ ಮಾರುಕಟ್ಟೆಗೆ ಬಂತು. ಆ ಕಾಲದಲ್ಲಿ ಶಾರ್ಪ್ ಜಾರಸ್, ಕಾಂಪ್ಯಾಕ್ ಐಪ್ಯಾಕ್ ಎಂಬ ಕೈಹಿಡಿ ಸಾಧನಗಳಿಗೆ ಓಪಿ ಮತ್ತು ಜಿಪಿಇ ಎಂಬ ಎರಡು ಮುಕ್ತ ಚಿತ್ರಾತ್ಮಕ ಪರಿಸರಗಳು, ಎಂದರೆ ಬಳಕೆದಾರರು ಪರದೆಯ ಮೇಲೆ ಕಂಡು ಮುಟ್ಟುವ ತಂತ್ರಾಂಶಗಳು, ಇದ್ದವು. ಗುಂಡಿ, ಕಿಟಕಿ ಮುಂತಾದವನ್ನು ಪರದೆಯ ಮೇಲೆ ರಚಿಸಿಕೊಡುವ ಸಲಕರಣೆ ಸಂಗ್ರಹಗಳಲ್ಲಿ ಮೊದಲನೆಯದು ಕ್ಯೂಟಿಯನ್ನೂ ಎರಡನೆಯದು ಜಿಟಿಕೆಯನ್ನೂ ನೆಚ್ಚಿದ್ದವು. ಆ ಸಾಧನಗಳು ಮರೆಯಾದರೂ ಈ ಎರಡು ಕವಲುಗಳು ಉಳಿದಿವೆ: ಇಂದಿನ ಫೋನುಗಳ ಪರಿಸರಗಳಲ್ಲಿ ಫಾಶ್ ಜಿಟಿಕೆಯ ಕಡೆಯದು, ಪ್ಲಾಸ್ಮಾ ಮೊಬೈಲ್ ಕ್ಯೂಟಿಯ ಕಡೆಯದು.

ಇವೆರಡರಲ್ಲಿ ಯಾವುದು ಚೆಂದ ಎಂಬ ವಾದದಲ್ಲಿ ನಮ್ಮ ಹುಡುಗರು ಬಹಳ ಹೊತ್ತು ಕಳೆಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಪರದೆಯ ಮೇಲೆ ಕಾಣುವುದೆಲ್ಲ ಕೆಳಗಿನ ಪದರಗಳ ಕೃಪೆಯಿಂದ ಕಾಣುತ್ತದೆ: ಸಾಧನ ಹೊತ್ತಿದೊಡನೆ ವ್ಯವಸ್ಥೆಯನ್ನು ಎಬ್ಬಿಸುವ ಬೂಟ್‌ಲೋಡರಿನ ಬೀಗ ತೆರೆಯಬೇಕು, ವ್ಯವಸ್ಥೆಯ ತಿರುಳಾದ ಕರ್ನಲ್ ಆ ಸಾಧನದ ಪರದೆಯನ್ನೂ ಸ್ಪರ್ಶಫಲಕವನ್ನೂ ಗುರುತಿಸಬೇಕು, ಗ್ರಾಫಿಕ್ಸ್ ಚಿಪ್ಪಿಗೆ ಮುಕ್ತ ಡ್ರೈವರ್ (ಚಿಪ್ಪನ್ನು ನಡೆಸುವ ತಂತ್ರಾಂಶ) ಇರಬೇಕು. ಲಿನಕ್ಸಿಗೆಂದೇ ಮಾಡಿದ ಪೈನ್‌ಫೋನಿನ ಮಾಲಿ-400 ಚಿಪ್ಪಿಗೆ ಲಿಮಾ ಎಂಬ ಡ್ರೈವರ್ ಇದೆ. 2018ರ ಒನ್‌ಪ್ಲಸ್ 6ರ ಅಡ್ರೀನೋ ಚಿಪ್ಪಿಗೆ ಫ್ರೀಡ್ರೀನೋ ಇದೆ. ಇಂಥ ಡ್ರೈವರ್ ಇಲ್ಲದ ಸಾಧನದಲ್ಲಿ ಚಿತ್ರ ಬಿಡಿಸುವ ಹೊರೆಯೆಲ್ಲ ಪ್ರೊಸೆಸರಿನ ಮೇಲೆ ಬಿದ್ದು, ಬೆರಳು ಸರಿಸಿದ ಎಷ್ಟೋ ಹೊತ್ತಿಗೆ ಪರದೆ ಸರಿಯುತ್ತದೆ. ಆದ್ದರಿಂದ ಹಳೆಯ ಫೋನು ಕೊಳ್ಳುವ ಮೊದಲೇ, ಫೋನುಗಳಿಗೆ ಲಿನಕ್ಸ್ ಒದಗಿಸುವ ಪೋಸ್ಟ್‌ಮಾರ್ಕೆಟ್‌ಓಎಸ್ ಯೋಜನೆಯು ಆ ಮಾದರಿಯ ಬಗ್ಗೆ ಕೊಡುವ ವಿವರವನ್ನು ಓದಿಕೊಳ್ಳಿ. ಕರೆ, ಕ್ಯಾಮೆರಾ, ವೈಫೈ ಇವುಗಳಲ್ಲಿ ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದು ಅಲ್ಲಿರುತ್ತದೆ.

ಅಳವಡಿಕೆಯ ಕೆಲಸ ಇದಕ್ಕಿಂತ ಸರಳ. ಲಿನಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ಇದೇ ಯೋಜನೆಯ ಪಿಎಂಬೂಟ್‌ಸ್ಟ್ರ್ಯಾಪ್ ಎಂಬ ಸಲಕರಣೆಯನ್ನು ಓಡಿಸಿದರೆ, ಅದು ಸಾಧನದ ಮಾದರಿಯನ್ನೂ ಬೇಕಾದ ಪರಿಸರವನ್ನೂ ಕೇಳಿಕೊಂಡು, ಆಲ್ಪೈನ್ ಎಂಬ ಹಗುರ ಲಿನಕ್ಸಿನ ತಳಹದಿಯ ಮೇಲೆ ಚಿತ್ರಿಕೆಯನ್ನು (ಇಡೀ ವ್ಯವಸ್ಥೆಯನ್ನು ಒಳಗೊಂಡ ಒಂದು ಕಡತ) ಸಿದ್ಧಪಡಿಸುತ್ತದೆ. ಪೈನ್‌ಫೋನ್ ಒಳಗಿನ ಸಂಗ್ರಹಕ್ಕಿಂತ ಮೊದಲು ಮೆಮೊರಿ ಕಾರ್ಡನ್ನು ನೋಡುವುದರಿಂದ, ಕಾರ್ಡಿನಲ್ಲೇ ಪ್ರಯೋಗ ಮಾಡಿ ಮೂಲ ವ್ಯವಸ್ಥೆಯನ್ನು ಮುಟ್ಟದೆ ಬಿಡಬಹುದು. ಕಾರ್ಡಿಗೆ ಬರೆಯುವಾಗ ಡಿಸ್ಕಿನ ಹೆಸರನ್ನು ಎರಡು ಬಾರಿ ನೋಡಿ. ಹೆಸರು ತಪ್ಪಿದರೆ ಅಳಿಸಿಹೋಗುವುದು ಲ್ಯಾಪ್‌ಟಾಪಿನ ಡಿಸ್ಕ್. ಒನ್‌ಪ್ಲಸ್‌ನಂಥ ಫೋನುಗಳಲ್ಲಿ ಬೂಟ್‌ಲೋಡರ್ ಬೀಗ ತೆಗೆದೊಡನೆ ಒಳಗಿನ ದತ್ತಾಂಶವೆಲ್ಲ ಹೋಗುತ್ತದೆ.

ಇನ್ನು ಪರಿಸರದ ಆಯ್ಕೆ. ಪೈನ್‌ಫೋನಿನ 2 ಜಿಬಿ ರ‍್ಯಾಮ್ ಇರುವ ಮಾದರಿಗೆ ನಾನು ಫಾಶ್ ಅನ್ನು ಸೂಚಿಸುತ್ತೇನೆ. ಗುಂಡಿಗಳಿಂದಲೂ ಪಟ್ಟಿಗಳಿಂದಲೂ ಕೆಲಸ ನಡೆಸುವ ಸ್ಕ್ಸ್‌ಮೋ ಎಂಬ ಪರಿಸರ ಇನ್ನೂ ಹಗುರವಾದರೂ ಅದು ಟರ್ಮಿನಲ್‌ನಲ್ಲಿ ಆದೇಶಗಳನ್ನು ಬರೆದು ಕೆಲಸ ಮಾಡಬಲ್ಲವರ ಪಾಲಿನದು.

ಕನ್ನಡದ ಮಾತು ಬಂದಾಗ ಸಮಸ್ಯೆ ಎರಡು ಬಗೆಯದು. ಓದುವುದಕ್ಕೆ ತೊಡಕು ಕಡಿಮೆ: ನೋಟೋ ಕನ್ನಡ ಫಾಂಟಿನ ಪ್ಯಾಕೇಜನ್ನು ಸೇರಿಸಿದರೆ ಖಾಲಿ ಚೌಕಗಳು ಹೋಗುತ್ತವೆ, ಒತ್ತಕ್ಷರಗಳನ್ನು ಹಾರ್ಫ್‌ಬಜ್ ಎಂಬ ತಂತ್ರಾಂಶ ಜೋಡಿಸಿಕೊಡುತ್ತದೆ. ಬರೆಯುವುದೇ ಕಷ್ಟ. ಹೊರಗಿನ ಕೀಲಿಮಣೆ ಜೋಡಿಸಿದರೆ ಕಗಪ ಎಂಬ ಕನ್ನಡ ಕೀಲಿ ವಿನ್ಯಾಸ ಸಿಗುತ್ತದೆ, ಆದರೆ ಜೇಬಿನ ಯಂತ್ರಕ್ಕೆ ಕೀಲಿಮಣೆ ಹೊತ್ತು ತಿರುಗುವವರು ಯಾರು? ಫಾಶ್ ಜೊತೆಗೆ ಬಳಕೆಯಲ್ಲಿರುವ ಸ್ಕ್ವೀಕ್‌ಬೋರ್ಡ್ ಎಂಬ ಪರದೆಯ ಕೀಲಿಮಣೆಯಲ್ಲಿ ಪ್ರತಿಯೊಂದು ವಿನ್ಯಾಸವೂ ಒಂದು ಸಾದಾ ಪಠ್ಯ ಕಡತ. ಬಳಕೆದಾರರು ತಾವೇ ಬರೆದ ಕಡತವನ್ನು ತಮ್ಮ ಕೋಶದಲ್ಲಿಟ್ಟು ಬಳಸಬಹುದು. ಐದಾರು ಇಂಚಿನ ಪರದೆಯಲ್ಲಿ ವರ್ಗೀಯ ವ್ಯಂಜನಗಳನ್ನೂ ಕಾಗುಣಿತದ ಚಿಹ್ನೆಗಳನ್ನೂ ಹೇಗೆ ಹಂಚಬೇಕು, ಮಹಾಪ್ರಾಣಗಳು ಮೊದಲ ಪುಟದಲ್ಲಿರಬೇಕೇ ಎರಡನೆಯದಕ್ಕೆ ಹೋಗಬೇಕೇ, ವಿರಾಮ ಚಿಹ್ನೆಗೆ ಯಾವ ಮೂಲೆ ಎಂಬುದನ್ನೆಲ್ಲ ಕನ್ನಡದಲ್ಲಿ ದಿನವೂ ಬೆರಳಚ್ಚು ಮಾಡುವವರು ಕುಳಿತು ತೀರ್ಮಾನಿಸಬೇಕು. ಇದಕ್ಕೆ ಪ್ರೋಗ್ರಾಮಿಂಗ್ ಬೇಕಿಲ್ಲ. ಈ ಅವಧಿಯ ಪ್ರಾಜೆಕ್ಟ್ ಹುಡುಕುತ್ತಿರುವವರು ಇದನ್ನು ಕೈಗೆತ್ತಿಕೊಳ್ಳಬಹುದು.