ಶಾಲೆಗೆ ಬರುವ ಹಣ, ಶಿಕ್ಷಕರಿಗೆ ಸಲ್ಲುವ ಮನ್ನಣೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮದ್ದೂರು ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಮುಖ್ಯಶಿಕ್ಷಕಿಯಾಗಿದ್ದು ನಿವೃತ್ತಳಾದವಳು ನಾನು. ಪ್ರಶಸ್ತಿ, ಅನುದಾನ ಎಂಬ ಎರಡು ಪದಗಳನ್ನು ನಾವು ಸಾಮಾನ್ಯವಾಗಿ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಪ್ರಶಸ್ತಿ ಬರುವುದು ಮಾಡಿ ಮುಗಿಸಿದ ಕೆಲಸಕ್ಕೆ. ಅನುದಾನ ಬರುವುದು ಇನ್ನು ಮಾಡಬೇಕಾದ ಕೆಲಸಕ್ಕೆ, ಅದೂ ಲೆಕ್ಕ ಒಪ್ಪಿಸುವ ಷರತ್ತಿನ ಮೇಲೆ. ಆದರೆ ಎರಡಕ್ಕೂ ಬೇಕಾದದ್ದು ಮಾತ್ರ ಒಂದೇ, ಶಾಲೆಯಲ್ಲಿ ದಿನದಿನವೂ ಬರೆದಿಟ್ಟ ದಾಖಲೆ.

ಹೊರಗಿನ ಹಣವನ್ನು ಹುಡುಕುವುದಕ್ಕೆ ಮುಂಚೆ, ಅರ್ಜಿಯನ್ನೇ ಹಾಕದೆ ಬರುವ ಹಣವನ್ನು ನೋಡೋಣ. ಶಾಲಾ ಶಿಕ್ಷಣಕ್ಕಾಗಿ ಕೇಂದ್ರ ರೂಪಿಸಿದ ಸಮಗ್ರ ಶಿಕ್ಷಾ ಯೋಜನೆಯ ಮಾರ್ಗಸೂಚಿಯಂತೆ ಸರ್ಕಾರಿ ಶಾಲೆಗಳಿಗೆ ದಾಖಲಾತಿಯನ್ನು ಆಧರಿಸಿದ ವಾರ್ಷಿಕ ಶಾಲಾ ಅನುದಾನವಿದೆ: 30 ಮಕ್ಕಳವರೆಗೆ 10 ಸಾವಿರ ರೂಪಾಯಿ, 100ರವರೆಗೆ 25 ಸಾವಿರ, 250ರವರೆಗೆ 50 ಸಾವಿರ, ಸಾವಿರದವರೆಗೆ 75 ಸಾವಿರ, ಅದಕ್ಕೂ ಮೀರಿದರೆ ಒಂದು ಲಕ್ಷ. ಇದರಲ್ಲಿ ಕನಿಷ್ಠ ಶೇಕಡ 10ರಷ್ಟನ್ನು ಸ್ವಚ್ಛತೆಗೆ ಬಳಸಬೇಕು. ಗ್ರಂಥಾಲಯಕ್ಕೆ, ಕ್ರೀಡೆಗೆ ಬೇರೆ ಅನುದಾನಗಳಿವೆ. ಒಂದು ವರ್ಷ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ ಕರೆಯುವುದನ್ನು ನಾನು ಇಂದು ನಾಳೆ ಎಂದು ಮುಂದೂಡುತ್ತಾ ಹೋಗಿ, ಮಾರ್ಚ್ ತಿಂಗಳು ಮುಗಿಯುವ ಹೊತ್ತಿಗೆ ನಡಾವಳಿಯೂ ಇಲ್ಲದೆ, ದರಪಟ್ಟಿಯೂ ಇಲ್ಲದೆ ಕುಳಿತಿದ್ದೆ. ಖರ್ಚಾಗದ ಹಣ ಹಿಂದಕ್ಕೆ ಹೋಯಿತು. ಆ ಮಳೆಗಾಲವಿಡೀ ಅಡುಗೆಕೋಣೆಯ ಹೆಂಚಿನ ಸಂದಿಯಿಂದ ನೀರು ಸೋರುತ್ತಿದ್ದಾಗ ನಾನು ಯಾರನ್ನೂ ದೂರುವಂತಿರಲಿಲ್ಲ.

ಮಕ್ಕಳಿಗಾಗಿಯೇ ಇರುವ ಇನ್‌ಸ್ಪೈರ್ ಮಾನಕ್ ಪ್ರಶಸ್ತಿಯನ್ನು ನಮ್ಮ ಹಳ್ಳಿ ಶಾಲೆಗಳು ಇನ್ನೂ ಸಾಕಷ್ಟು ಬಳಸಿಕೊಂಡಿಲ್ಲ ಎಂಬುದು ನನ್ನ ಅನಿಸಿಕೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಈ ಯೋಜನೆಯಲ್ಲಿ, 6ನೇ ತರಗತಿಯಿಂದ ಮೇಲಿನ ಮಕ್ಕಳ ಸ್ವಂತ ಯೋಚನೆಗಳನ್ನು ಶಾಲೆಯೇ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಆಯ್ಕೆಯಾದ ಮಗುವಿನ ಬ್ಯಾಂಕ್ ಖಾತೆಗೆ ಮಾದರಿ ತಯಾರಿಸಲು 10 ಸಾವಿರ ರೂಪಾಯಿ ನೇರವಾಗಿ ಬರುತ್ತದೆ. ಅನಂತರ ಜಿಲ್ಲೆ, ರಾಜ್ಯ, ರಾಷ್ಟ್ರ ಮಟ್ಟದ ಪ್ರದರ್ಶನಗಳು. ಇಲ್ಲಿ ‘ಸ್ವಂತ’ ಎಂಬ ಮಾತನ್ನು ಒತ್ತಿ ಹೇಳಬೇಕಾಗಿದೆ. ಅಂಗಡಿಯಲ್ಲಿ ಸಿಗುವ ಜ್ವಾಲಾಮುಖಿಯ ಮಾದರಿಯಾಗಲಿ, ಮೇಷ್ಟ್ರು ಬರೆದುಕೊಟ್ಟ ಯೋಜನೆಯಾಗಲಿ ಪರಿಶೀಲಕರ ಕಣ್ಣಿಗೆ ಬೇಗ ಗೊತ್ತಾಗುತ್ತದೆ. ನಮ್ಮ ಶಾಲೆಯ 7ನೇ ತರಗತಿಯ ಹುಡುಗನೊಬ್ಬ, “ಆಲೆಮನೆ ಹೊಗೆಗೆ ಅಪ್ಪನ ಕಣ್ಣೆಲ್ಲಾ ಕೆಂಪಾಗ್ತದೆ ಮಿಸ್, ಒಲೆ ಬಾಯಿ ಆ ಕಡೆ ತಿರುಗಿಸಿದ್ರೆ ಆಗಲ್ವಾ?” ಎಂದು ಕೇಳಿದ್ದ. ಅರ್ಜಿಗೆ ಬೇಕಾದದ್ದು ಅಂಥ ಪ್ರಶ್ನೆ. ಅದನ್ನು ಅಂದೇ ದಿನಚರಿಯಲ್ಲಿ ಬರೆದುಕೊಂಡಿದ್ದರಿಂದ ತಿಂಗಳುಗಳ ಮೇಲೆ ಅರ್ಜಿ ತುಂಬುವಾಗ ಅವನ ಮಾತು ಅವನದಾಗಿಯೇ ಉಳಿಯಿತು. ಅಂದಹಾಗೆ, ಮಗುವಿನ ಹೆಸರು ಶಾಲಾ ದಾಖಲೆಯಲ್ಲೊಂದು, ಬ್ಯಾಂಕ್ ಪುಸ್ತಕದಲ್ಲೊಂದು ಇದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಇನ್ನು ಶಿಕ್ಷಕರ ವಿಚಾರ. 1958ರಲ್ಲಿ ಆರಂಭವಾದ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿಗೆ 2018ರಿಂದ ಶಿಕ್ಷಕರೇ ನೇರವಾಗಿ ಆನ್‌ಲೈನ್‌ನಲ್ಲಿ ಹೆಸರು ಸಲ್ಲಿಸಬಹುದು; ಯಾರ ಶಿಫಾರಸಿಗೂ ಕಾಯಬೇಕಾಗಿಲ್ಲ. ಕನಿಷ್ಠ 10 ವರ್ಷಗಳ ಕಾಯಂ ಸೇವೆ ಇರಬೇಕು, ಮನೆಪಾಠದಲ್ಲಿ ತೊಡಗಿರಬಾರದು. ಜಿಲ್ಲಾ ಸಮಿತಿ, ರಾಜ್ಯ ಸಮಿತಿಗಳನ್ನು ದಾಟಿ ರಾಷ್ಟ್ರೀಯ ತೀರ್ಪುಗಾರರ ಮುಂದೆ ಬಂದವರಲ್ಲಿ ಆಯ್ಕೆಯಾದವರಿಗೆ ಸೆಪ್ಟೆಂಬರ್ 5ರಂದು ಪ್ರಮಾಣಪತ್ರ, ಬೆಳ್ಳಿ ಪದಕ ಮತ್ತು 50 ಸಾವಿರ ರೂಪಾಯಿ ಸಲ್ಲುತ್ತದೆ. ತಮ್ಮನ್ನು ತಾವೇ ಹೊಗಳಿಕೊಳ್ಳುವುದು ಸಂಕೋಚವೆಂದು ಹಿಂದೆ ಸರಿಯುವ ಒಳ್ಳೆಯ ಶಿಕ್ಷಕರು ನಮ್ಮ ಸೀಮೆಯಲ್ಲಿ ಬಹಳ. ಅವರಿಗೆ ನಾನು ಹೇಳುವುದಿಷ್ಟೆ: ಹೊಗಳಿಕೆ ಬರೆಯಬೇಡಿ, ನಡೆದದ್ದನ್ನು ಬರೆಯಿರಿ. ‘ಓದಿನಲ್ಲಿ ಆಸಕ್ತಿ ಮೂಡಿಸಿದೆ’ ಎಂಬ ವಾಕ್ಯಕ್ಕಿಂತ, ಜೂನ್‌ನಲ್ಲಿ ಒತ್ತಕ್ಷರ ಓದಲಾರದ ಮಕ್ಕಳು ಎಷ್ಟಿದ್ದರು, ಮಾರ್ಚ್‌ಗೆ ಎಷ್ಟು ಉಳಿದರು, ನಡುವೆ ನೀವು ಮಾಡಿದ್ದೇನು ಎಂಬ ಅರ್ಧ ಪುಟಕ್ಕೆ ಬೆಲೆ ಹೆಚ್ಚು. ಹಾರ ತುರಾಯಿಯ ಫೋಟೋಗಳ ಬದಲು ಮಕ್ಕಳ ಬರವಣಿಗೆಯ ಪುಟಗಳನ್ನೇ ಲಗತ್ತಿಸಿ.

ಸರ್ಕಾರದ ಆಚೆಗೂ ಹಣವಿದೆ. 2013ರ ಕಂಪನಿ ಕಾಯಿದೆಯ 135ನೇ ವಿಧಿಯಂತೆ, ನಿಗದಿತ ಮಿತಿಯನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚ ಮಾಡಬೇಕು, ಶಿಕ್ಷಣವೂ ಅದರಲ್ಲಿ ಸೇರಿದೆ. ಮೈಸೂರಿನ ಹೆಬ್ಬಾಳ, ಕೂರ್ಗಳ್ಳಿ ಕೈಗಾರಿಕಾ ಪ್ರದೇಶಗಳು ನಮಗೆ ದೂರವೇನಲ್ಲ. ಶಾಲೆಗಳನ್ನು ದಾನಿಗಳು, ಸ್ವಯಂಸೇವಕರೊಂದಿಗೆ ಜೋಡಿಸುವ, 2021ರಲ್ಲಿ ಹೊಸ ರೂಪ ಪಡೆದ ಕೇಂದ್ರದ ವಿದ್ಯಾಂಜಲಿ ಜಾಲತಾಣದಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳು ತಮ್ಮ ಅಗತ್ಯಗಳನ್ನು ನಮೂದಿಸಬಹುದು. ಅಲ್ಲಿ ‘ಪೀಠೋಪಕರಣ’ ಎಂದಷ್ಟೇ ಬರೆದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ‘4ನೇ ತರಗತಿಯಲ್ಲಿ 32 ಮಕ್ಕಳು ನೆಲದ ಮೇಲೆ ಕುಳಿತು ಬರೆಯುತ್ತಾರೆ, ಇಬ್ಬರು ಕೂರುವ 16 ಬೆಂಚು ಬೇಕು’ ಎಂದು ಬರೆಯಿರಿ. ಬೆಂಚು ಬಂದ ದಿನವೇ ದಾಸ್ತಾನು ಪುಸ್ತಕದಲ್ಲಿ ಹತ್ತಿಸಿ, ಮಕ್ಕಳು ಅದರ ಮೇಲೆ ಕುಳಿತ ಒಂದು ಫೋಟೋವನ್ನು ಕೊಟ್ಟವರಿಗೆ ಕಳುಹಿಸಿ.

ನಮಸ್ಕಾರ.